ಲಾರಿಯ ಹಣೆಯ ಮೇಲಿನ ಹೆಸರು

ಐನಾಪುರ
5 ಅಕ್ಟೋಬರ್ 2024

ನನ್ನ ಮುನಿಸಿನ ಮಗಳು ರೂಪಾಲಿಗೆ,

ನಿನ್ನವ್ವನ ಆಶೀರ್ವಾದ. ಫೋನು ಮಾಡಿದರೆ ಎತ್ತುವುದಿಲ್ಲ, ಎತ್ತಿದರೂ "ಕೆಲಸ ಐತಿ, ಆಮ್ಯಾಲ ಮಾತಾಡ್ತೀನಿ" ಅನ್ನುತ್ತೀ. ಕಾಗದವನ್ನು ಹಾಗೆ ಅರ್ಧಕ್ಕೇ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆದು ನಿನ್ನ ತಮ್ಮ ಸಂಗ್ರಾಮನ ಕೈಯಲ್ಲಿ ನೀನಿರುವ ಏಕಸಂಬಿಗೆ ಕಳಿಸುತ್ತಿದ್ದೇನೆ. ಪೂರ್ತಿ ಓದು.

ನಮ್ಮ ಹಳೇ ಲಾರಿ ಗುಜರಿಗೆ ಹೊರಟಿದೆ. ದಸರೆಯಲ್ಲಿ ಗಾಡಿಗೆ ಮಾಡುವ ಖಂಡೇ ಪೂಜೆ ಮುಗಿದ ಮರುದಿನ ಮೀರಜದ ಗುಜರಿಯವರು ಬಂದು ಒಯ್ಯುತ್ತಾರೆ. ಈಗ ಕಬ್ಬು ಕಡಿಯಲಿಕ್ಕೇ ದೊಡ್ಡ ಮಷಿನ್ ಬರುತ್ತದೆ. ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆಯಿಂದ ತುಂಡು ಉಗುಳುತ್ತದೆ, ಆ ತುಂಡು ಹೊರಲು ನಮ್ಮ ಲಾರಿ ನಡೆಯುವುದಿಲ್ಲ. ನಿಮ್ಮಪ್ಪ ಬದುವಿನ ಮೇಲೆ ನಿಂತು ನೋಡಿ, "ಇದಕ್ಕ ಹೆಸರ ಇಲ್ಲ, ಬರೇ ನಂಬರ ಐತಿ" ಅಂದರು.

ನಮ್ಮ ಲಾರಿ ನಿನಗೆ ನೆನಪಿದೆಯೇ? ಮುಂದೆ ಉದ್ದ ಮೂತಿ, ಕಟ್ಟಿಗೆಯ ಬಾಡಿ, ಹಿಂಡಿದರೆ ಪೋಂ ಪೋಂ ಅನ್ನುವ ರಬ್ಬರಿನ ಹಾರ್ನು. ಸಾಂಗ್ಲಿಯಿಂದ ಸೆಕೆಂಡ್ ಹ್ಯಾಂಡ್ ತಂದ ವರ್ಷವೇ ನೀನು ಹುಟ್ಟಿದ್ದು. ಬೆಳಿಗ್ಗೆ ಚಾಲೂ ಆಗಬೇಕಾದರೆ ಓಣಿಯವರೆಲ್ಲ ಸೇರಿ ನೂಕಬೇಕಿತ್ತು. ನೀನೂ ಹಿಂದೆ ಕೈ ಹಚ್ಚಿ, ನಾನೊಬ್ಬಳೇ ನೂಕಿದೆನೆಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ. ಸುಗ್ಗಿಯಲ್ಲಿ ಜೋಳ ಒಕ್ಕುವ ರಾಶಿ ಮಷಿನ್ನನ್ನೂ ಅದೇ ಹೊಲದಿಂದ ಹೊಲಕ್ಕೆ ಎಳೆದೊಯ್ಯುತ್ತಿತ್ತು. ಅದರ ಹಣೆಯ ಹಲಗೆಯ ಮೇಲೆ ಕೆಂಪು ಅಕ್ಷರದಲ್ಲಿ ನಿನ್ನ ಹೆಸರು. ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬು ಇಳಿಸುವ ಪಾಳಿ ಬಂದಾಗ "ರೂಪಾಲಿ ಮುಂದ ಬರಲಿ!" ಎಂದು ಕೂಗುತ್ತಿದ್ದರಂತೆ. ನಿಮ್ಮಪ್ಪನಿಗೆ ಅದೇ ದೊಡ್ಡ ಮಾನ.

ನಿನಗೆ ಎಂಟು ವರ್ಷವಾದಾಗ ಆ ಹೆಸರು ಹೋಗಿ, ತೊಟ್ಟಿಲಲ್ಲಿದ್ದ ಸಂಗ್ರಾಮನ ಹೆಸರು ಬಂತು. ಹೋದ ವರ್ಷ ಅವನ ಮಗನ ಮೊದಲ ಕೂದಲು ತೆಗೆಸಿದ ಜಾವಳದಲ್ಲಿ ನೀನು ಬೀಗರೆದುರಿಗೇ, "ಅಪ್ಪಾ, ನನ್ನ ಹೆಸರ ಅಳಿಸಿ ಗಂಡಮಗಂದ ಬರಸಿದಾಂವ ನೀನ. ಇನ್ನ ನನ್ನ ಯಾಕ ಕರೀತಿ?" ಎಂದು ಕೇಳಿ, ಊಟ ಬಿಟ್ಟು ಎದ್ದು ಹೋದೆ. ನಿಮ್ಮಪ್ಪ ತಲೆ ತಗ್ಗಿಸಿ ಕೂತರು. ಅಂದಿನಿಂದ ನೀನು ಈ ಹೊಸ್ತಿಲು ತುಳಿದಿಲ್ಲ.

ರೂಪಾಲಿ, ಅಳಿಸಿದ್ದು ಅವರಲ್ಲ. ನಾನು.

ಆ ವರ್ಷ ಫ್ಯಾಕ್ಟರಿ ರಸ್ತೆಯ ಇಳಿಜಾರಿನಲ್ಲಿ ಆಕ್ಸಲ್ ಮುರಿದು ಲಾರಿ ಮಗುಚಿ, ನಿಮ್ಮಪ್ಪನ ಕೈ ಮುರಿದಿತ್ತಲ್ಲ. ನೋಡಲು ಬಂದವರೆಲ್ಲ "ಹೆಣ್ಣಿನ ಹೆಸರ ಗಾಡಿಗೆ ಆಗಿ ಬರಲಿಲ್ಲ ನೋಡ" ಎಂದು ಹೇಳಿ ಹೋದರು. ನಿನ್ನ ಹೆಸರು ಆ ಜನರ ಬಾಯಿಗೆ ಸಿಗಬಾರದೆಂದು ಅಳಿಸಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸುಳ್ಳು. ಆ ಮಾತನ್ನು ನಾನೂ ನಂಬಿದ್ದೆ. ಬಣ್ಣದ ಮಾಯಪ್ಪನನ್ನು ಕರೆಸಿ, "ಕೆರದ ತಗಿ, ಗುರ್ತ ಸೈತ ಉಳೀಬಾರದು" ಎಂದೆ. ಕೈಗೆ ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಮಲಗಿದ್ದ ನಿಮ್ಮಪ್ಪ ಬೇಡವೆಂದರು. ನಾನು ಅತ್ತುಬಿಟ್ಟೆ, ಅವರು "ಆತು, ನಿನ್ನ ಮನಸ್ಸಿನಂಗ ಮಾಡು" ಎಂದರು.

ನೀನು ಸಾಲೆಯಿಂದ ಬಂದು "ನನ್ನ ಹೆಸರ ಎಲ್ಲಿ?" ಎಂದಾಗ ನಿನ್ನ ಮುಖ ನೋಡಲಾಗದೆ, "ನಿಮ್ಮಪ್ಪನ್ನ ಕೇಳ" ಎಂದುಬಿಟ್ಟೆ. ಅವರು ನನ್ನನ್ನೊಮ್ಮೆ ನೋಡಿ, ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಜಾವಳದ ದಿನವೂ ನಾನು ಬಡಿಸುವ ಸೌಟು ಹಿಡಿದು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಸಿಟ್ಟು ನನ್ನ ಮೇಲಿರಲಿ. ಬೈಯುವುದಿದ್ದರೂ ಬಂದು ಬೈ, ಹೋಳಿಗೆ ಮಾಡಿರುತ್ತೇನೆ. ಆದರೆ ಲಾರಿಯ ಕೊನೆಯ ಪೂಜೆಗೆ ನೀನು ಅಪ್ಪನ ಪಕ್ಕದಲ್ಲಿ ನಿಲ್ಲಬೇಕು. ಅವರು ಬಾಯಿಬಿಟ್ಟು ಕರೆಯುವುದಿಲ್ಲ, ದಿನಾ ಸಂಜೆ ಏಕಸಂಬಿ ಬಸ್ಸು ಬರುವ ಹೊತ್ತಿಗೆ ಬಸ್ಸು ನಿಲ್ಲುವ ಕಟ್ಟೆಗೆ ಹೋಗಿ ಕೂರುತ್ತಾರೆ.

ನಿನ್ನ ತಪ್ಪಿತಸ್ಥ ಅವ್ವ,
ಸುಗಂಧಾ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಮಾಯಪ್ಪ ಪೂಜೆಗಾಗಿ ಹಲಗೆ ತಿಕ್ಕಲು ಬಂದ. ಸಂಗ್ರಾಮನ ಹೆಸರು ಉದುರಿದ ಹಾಗೆ ಕೆಳಗಿನಿಂದ ನಿನ್ನ ಹೆಸರು ಎದ್ದು ಬಂತು, ಒಂದಕ್ಷರವೂ ಹೋಗಿಲ್ಲ. ಇದು ಹೇಗೆ ಉಳಿಯಿತೆಂದು ಕೇಳಿದೆ. "ಅವತ್ತ ನೀವು ಒಳಗ ಹ್ವಾದ ಮ್ಯಾಲ ಮಾಲಕರು ನನ್ನ ಕರದ್ರರಿ ಅಕ್ಕಾರ. ಕೆರೀಬ್ಯಾಡೋ ಮಾಯಪ್ಪಾ, ಮ್ಯಾಲ ಬಣ್ಣ ಅಷ್ಟ ಹಚ್ಚು, ಕೆಳಗ ನನ್ನ ಮಗಳು ಇರಲಿ ಅಂದ್ರು" ಎಂದ.