ಶಿವಗಂಗವ್ವನ ತಾಮ್ರದ ತಗಡು

ಫೆಬ್ರವರಿ ೩೦, ೨೨೮೬

ಶಿವಗಂಗವ್ವನವರಿಗೆ,

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಹಿಂದಿನ ಕಾಲದ ನಿಮಗೆ ಈ ಕಾಗದ ಮುಟ್ಟುವುದೋ ಇಲ್ಲವೋ ತಿಳಿಯದು, ಆದರೂ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕೂತಲ್ಲಿ ಕೂರಲಾರದೆ ಆರನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಗದಗಿನ ತೆರೆಮನೆಯಲ್ಲಿ ಕೆಲಸಕ್ಕಿದ್ದೇನೆ. ನಿಮ್ಮ ಕಾಲದವರು ಏಳನೆಯ ತಲೆಮಾರಿಗೆಂದು ತಾಮ್ರದಲ್ಲಿ ಕೊರೆದಿಟ್ಟ ಮಾತನ್ನು ತೆರೆದು ಓದಿ ಹೇಳುವ ಮನೆಗೆ ನಾವು ಹಾಗೆನ್ನುತ್ತೇವೆ. ದಿನಾ ಬೆಳಿಗ್ಗೆ ಯಾವುದಾದರೂ ಮನೆಯವರು ಬುತ್ತಿ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಮಾತು ಕೇಳಿದ ಮೇಲೆ ಅಲ್ಲೇ ಊಟ ಮಾಡುವುದು ವಾಡಿಕೆ.

ಮೊನ್ನೆ ನಿಮ್ಮ ಏಳನೆಯ ತಲೆಮಾರಿನ ಸಾವಂತ್ರವ್ವ ಒಬ್ಬರೇ ಬಂದರು. ವಯಸ್ಸು ಎಂಬತ್ತು, ಕಣ್ಣು ಕಾಣದು. ಅವರ ನಂತರ ನಿಮ್ಮ ಮನೆತನದಲ್ಲಿ ಯಾರೂ ಇಲ್ಲ.

ನೀವು ತಗಡು ಇಟ್ಟಿದ್ದ ಮರದ ಪೆಟ್ಟಿಗೆ ಗಟ್ಟಿಯಾಗಿತ್ತು. ಮುಚ್ಚಳದ ಮೇಲೆ ನಿಮ್ಮ ಹೆಸರು ನಿನ್ನೆ ಕೊರೆದಂತಿತ್ತು. ತೆರೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ತಗಡಿನ ತುಂಬ ಹಸಿರು ಕಿಲುಬು. ಹಸಿ ಹಲಗೆಯೂ ಅದರ ಅಂಟೂ ಬಿಟ್ಟ ಆಮ್ಲದ ಆವಿ, ಹೊರಹೋಗಲು ದಾರಿಯಿಲ್ಲದೆ, ಇಷ್ಟು ವರ್ಷ ತಾಮ್ರವನ್ನೇ ತಿಂದಿತ್ತು.

ನನ್ನ ತಪ್ಪನ್ನೂ ಹೇಳಬೇಕು. ನಮ್ಮವ್ವ ತಂಬಿಗೆ ತಿಕ್ಕುವಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ತಗಡು ಫಳಫಳ ಹೊಳೆಯಿತು, ಅಕ್ಷರಗಳಿರಲಿಲ್ಲ. ಕೊರೆದ ಮೇಲ್ಪದರವೇ ಕಿಲುಬಾಗಿ, ಅವು ಉಳಿದಿದ್ದುದೇ ಅದರಲ್ಲಿ.

“ಏನ್ ಬರದಾಳೋ ತಮ್ಮಾ? ಲಗೂನ ಓದು, ರೊಟ್ಟಿ ಒಣಗಾಕತ್ತಾವ,” ಎಂದರು ಸಾವಂತ್ರವ್ವ.

ತೆರೆಮನೆಯ ಹಿರಿಯ ರಾಜೇಸಾಬರು ನನ್ನ ಕಿವಿಯಲ್ಲಿ, “ಎಲ್ಲಾರೂ ಚಲೋ ಇರ್ರಿ ಅಂತ ಬರದಾರ ಅಂದ್ಬಿಡು. ಯಾರಿಗೆ ಗೊತ್ತಾಕ್ಕೈತಿ?” ಎಂದರು.

“ಅಜ್ಜೀ, ನಾನ ತಿಕ್ಕಿ ಅಳಿಸಿಬಿಟ್ಟೀನಿ,” ಎಂದೆ.

“ಸಾಲೀ ಬಿಟ್ಟಾಂವನ ಕೈಯಾಗ ಅಕ್ಷರ ಕೊಟ್ಟರ ಇನ್ನೇನಾಕ್ಕೈತಿ!” ಎಂದು ನಕ್ಕರು. ನಗು ನಡುವೆಯೇ ನಿಂತಿತು. ತಗಡನ್ನು ಮಡಿಲಿಗೆಳೆದುಕೊಂಡು ಬೆರಳಾಡಿಸಿದರು. ಬಲತುದಿಯಲ್ಲಿ ಬೆರಳು ತಡೆಯಿತು. “ಇಲ್ಲೊಂದು ಗುಂಡಗ ಹತ್ತತೈತಿ ನೋಡು. ಅಕ್ಷರ ಹೌದಲ್ಲೋ?”

ಅದು ಅಕ್ಷರವೋ, ಆಮ್ಲ ಕೊರೆದ ಗುಳಿಯೋ, ನನಗೆ ತಿಳಿಯಲಿಲ್ಲ. ತಿಳಿಯದು ಎಂದೇ ಹೇಳಿದೆ. ಅವರು ಬುತ್ತಿ ಬಿಚ್ಚದೆ ಹೋದರು.

ಶಿವಗಂಗವ್ವನವರೇ, ಹೊಸ ಹಲಗೆಯ ಪೆಟ್ಟಿಗೆ ಮಾಡಿಸಬೇಡಿ. ಗಾಜಿನ ಭರಣಿ ಸಾಕು. ಅದಕ್ಕೂ ಮೊದಲು ಆ ಮಾತನ್ನು ನಿಮ್ಮ ಮಗಳಿಗೆ ಬಾಯಲ್ಲಿ ಹೇಳಿ. ಪೆಟ್ಟಿಗೆ ಆಗಲೇ ಮುಚ್ಚಿಯಾಗಿದ್ದರೆ ನನ್ನ ಕೇಳಿಕೆ ಒಂದೇ: ನೀವು ಬರೆದದ್ದರಲ್ಲಿ ಬಲತುದಿಗೆ ಗುಂಡನೆಯ ಅಕ್ಷರವೊಂದಿತ್ತೇ? ಇದ್ದರೆ ಹೇಗಾದರೂ ತಿಳಿಸಿ. ಓಡಿಹೋಗಿ ಸಾವಂತ್ರವ್ವನಿಗೆ ಹೇಳುತ್ತೇನೆ.

ಫಕೀರೇಶ