ಲೇಬಲ್ ಇಲ್ಲದ ಡಬ್ಬಿ

ರೀ,

ವಾರ್ಡಿನೊಳಗೆ ಯಾರನ್ನೂ ಬಿಡುವುದಿಲ್ಲವಂತೆ, ಫೋನೂ ಇಲ್ಲವಂತೆ. ಅದಕ್ಕೇ ಈ ಕಾಗದ, ನರ್ಸಮ್ಮನ ಕೈಗೆ ಕೊಡುತ್ತೇನೆ. ನಾಳೆ ಬೆಳಗ್ಗೆ ನಿಮ್ಮ ಹೃದಯದ ಆಪರೇಷನ್. ಅಲ್ಲಿಯವರೆಗೆ ನಾನು ಹೇಗಿರಲಿ, ಹೇಳಿ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕಾಲು ತಾನಾಗಿ ಅಡುಗೆಮನೆಗೆ ಹೋಗುತ್ತದೆ. ಹಾಗೆ ಹೋಗಿ ಹೋಗಿಯೇ ನೀವು ತಂದು ತುಂಬಿದ ಕಪಾಟನ್ನು ಖಾಲಿ ಮಾಡಿಬಿಟ್ಟೆ.

ನೀವು ಕೆಲಸ ಮಾಡುವ ಗೋದಾಮಿನಲ್ಲಿ ನೆಗ್ಗಿದ ಡಬ್ಬಿ, ಲೇಬಲ್ ಹರಿದದ್ದು, ತಾರೀಖು ಹತ್ತಿರ ಬಂದ ಪೊಟ್ಟಣ, ಯಾರಿಗೆ ಬೇಕೋ ಒಯ್ಯಿರಿ ಎಂದರೆ ಮೊದಲು ಚೀಲ ಹಿಡಿಯುವವರು ನೀವು. ತಿನ್ನುವ ಪದಾರ್ಥ ಕಸಕ್ಕೆ ಹೋದರೆ ನಿಮ್ಮ ಕರುಳು ಚುರುಕ್ ಎನ್ನುತ್ತದೆ. ಅಲ್ಲಿ ಕಸವಾಗಬೇಕಾದ್ದು ನಮ್ಮ ಮನೆಗೆ ಬಂದು ನಿಧಾನವಾಗಿ ಕಸವಾಗುತ್ತದೆ, ಅಷ್ಟೇ ವ್ಯತ್ಯಾಸ ಎಂದು ನಾನು ಗೊಣಗಿದ್ದೇ ಗೊಣಗಿದ್ದು. ಅದಕ್ಕೇ ತಾನೆ ನೀವು ನನಗೆ ಇನ್ಸ್‌ಪೆಕ್ಟರಮ್ಮ ಎಂದು ಹೆಸರಿಟ್ಟದ್ದು.

ನೀವು ಆಸ್ಪತ್ರೆ ಸೇರಿದ ಮಾರನೆಯ ದಿನ ಬಾರ್ಲಿಯಿಂದ ಶುರು ಮಾಡಿದೆ. ಗಂಜಿ ಮಾಡಿದೆ, ಸೂಪು ಮಾಡಿದೆ, ಉಳಿದದ್ದನ್ನು ಹುರಿದು ಪುಡಿ ಮಾಡಿ ರೊಟ್ಟಿ ಹಿಟ್ಟಿಗೆ ಬೆರೆಸಿದೆ. "ಅಮ್ಮಾ, ಅಪ್ಪ ಬರೋಷ್ಟರಲ್ಲಿ ನಮಗೇ ಮೊಳಕೆ ಬರುತ್ತೆ" ಎಂದಳು ನಿಮ್ಮ ಮಗಳು. ಮೆತ್ತಗಾದ ಬಿಸ್ಕತ್ತನ್ನು ಹಾಲಿನಲ್ಲಿ ಕುದಿಸಿ ಪಾಯಸದಂಥದ್ದೇನೋ ಮಾಡಿದೆ. ಹುಳ ಬಿದ್ದ ಕಡಲೆಯನ್ನು ಬಿಸಿಲಿಗೆ ಹಾಕಿ ಒಂದೊಂದಾಗಿ ಆರಿಸಿದೆ. ಕೈಗೆ ಕೆಲಸವಿದ್ದಷ್ಟು ಹೊತ್ತು ತಲೆ ಸುಮ್ಮನಿರುತ್ತಿತ್ತು.

ಪೇಚಾಟವೆಲ್ಲ ಲೇಬಲ್ ಇಲ್ಲದ ಡಬ್ಬಿಗಳದ್ದು. ನೀವಾದರೋ ಕಿವಿಗೆ ಹಿಡಿದು, ಅಲ್ಲಾಡಿಸಿ, ಡಾಕ್ಟರ ಗಾಂಭೀರ್ಯದಲ್ಲಿ "ಅಣಬೆ" ಎನ್ನುತ್ತಿದ್ದಿರಿ. ತೆರೆದರೆ ಅನಾನಸ್. ಆದರೂ ಜಂಬ ಕಡಿಮೆಯಾಗಲಿಲ್ಲ. ಹೆಸರು ಹೇಳಿದವರೇ ತೆರೆಯಬೇಕು, ಏನು ಬಂದರೂ ತಿನ್ನಬೇಕು ಎಂಬ ಕಾನೂನು ಮಾಡಿದವರೂ ನೀವೇ. ಮೊನ್ನೆ ನಾನು ಜೋಳ ಎಂದೆ. ಈರುಳ್ಳಿ ಹುರಿದು ಕಾದಿದ್ದ ಬಾಣಲೆಗೆ ಸುರಿದರೆ ಸಕ್ಕರೆ ನೀರಿನಲ್ಲಿ ಅದ್ದಿದ ಪೇರ್ ಹಣ್ಣು! ಕಾನೂನು ಕಾನೂನೇ, ತಿಂದೆವು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನೂ ನಕ್ಕೆ. ಆಮೇಲೆ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ನೀವಿಲ್ಲದೆ ನಗುವುದು ನನಗೆ ಬರುವುದಿಲ್ಲ.

ನಿನ್ನೆ ಪಕ್ಕದ ಮನೆಯ ಟೈಲರಮ್ಮ ಬಂದು, "ಅಬ್ಬಾ, ಎಷ್ಟು ಚೊಕ್ಕಟ ಆಯ್ತಲ್ರೀ! ಇನ್ನು ಹೊಸದಾಗಿ ತುಂಬಿಸ್ಕೊಳ್ಳಿ" ಎಂದರು. ಯಾರು ತುಂಬಿಸಬೇಕು? ಇಷ್ಟು ವರ್ಷ ಖಾಲಿ ಮಾಡಿ, ಖಾಲಿ ಮಾಡಿ ಎಂದು ನಿಮ್ಮ ತಲೆ ತಿಂದವಳಿಗೆ ಈಗ ಆ ಕಪಾಟಿನ ಕಡೆ ನೋಡಲು ಆಗುತ್ತಿಲ್ಲ.

ಮೂಲೆಯಲ್ಲಿ ಒಂದೇ ಒಂದು ಡಬ್ಬಿ ಉಳಿದಿದೆ. ಆ ಬೆಳಗ್ಗೆ ಎದೆ ಹಿಡಿದುಕೊಂಡು ಕೂರುವುದಕ್ಕೆ ಸ್ವಲ್ಪ ಮೊದಲು ಅಲ್ಲಾಡಿಸಿ, "ಇದು ಪೀಚ್ ಕಣೇ, ಬೇಕಾದ್ರೆ ನೋಡ್ತಿರು" ಎಂದಿದ್ದಿರಲ್ಲ, ಅದು. ಮಗಳು ಅದಕ್ಕೆ ಕೈ ಹಾಕಿದಾಗ ಕಿತ್ತುಕೊಂಡೆ. ಹೆಸರು ಹೇಳಿದವರು ನೀವು. ಅದನ್ನು ನಾವು ತೆರೆಯುವ ಹಾಗಿಲ್ಲ.

ನಾನೂ ಎಷ್ಟೋ ಸಲ ಅಲ್ಲಾಡಿಸಿ ನೋಡಿದೆ. ನನ್ನ ಕಿವಿಗೆ ಅದು ಬೀನ್ಸ್ ಕಾಳು. ಬೀನ್ಸೇ ಆದರೆ ಕೊನೆಯ ಕಾಳಿನವರೆಗೂ ತಿನ್ನಿಸದೆ ಬಿಡುವುದಿಲ್ಲ. ಪೀಚ್ ಆದರೆ, ಇನ್ನು ನೀವು ಗೋದಾಮನ್ನೇ ಹೊತ್ತು ತಂದರೂ ತುಟಿ ಪಿಟಕ್ಕೆನ್ನುವುದಿಲ್ಲ. ದೇವರಾಣೆಗೂ ಹೇಳುತ್ತೇನೆ, ಈ ಸಲ ನೀವೇ ಗೆಲ್ಲಬೇಕು.

ನಿಮ್ಮ ಆಯಸ್ಸು ಗಟ್ಟಿಯಾಗಿರಲಿ. ಡಬ್ಬಿಯ ಓಪನರನ್ನು ನನ್ನ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ, ಬೇಗ ಬನ್ನಿ.

ನೀವು ಕರೆಯುವ ಹಾಗೆ,
ನಿಮ್ಮ ಇನ್ಸ್‌ಪೆಕ್ಟರಮ್ಮ