ಎತ್ತರದ ಮಣೆ

ಸೊರಬ,
7 ಡಿಸೆಂಬರ್ 2025, ಭಾನುವಾರ

ಪ್ರೀತಿಯ ಅವ್ವಾ,

ಹೇಗಿದ್ದೀಯ? ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆ ಮರೆತು ಸಂಜೆ ಎರಡು ನುಂಗುವ ಅಭ್ಯಾಸ ಬಿಟ್ಟಿದ್ದೀಯ ತಾನೆ? ಎಲೆ ಅಡಿಕೆಯನ್ನೂ ಸ್ವಲ್ಪ ಕಡಿಮೆ ಮಾಡು. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟುವ ಶಿಕಾರಿಪುರದ ಚಿಕ್ಕಮ್ಮನ ಮನೆಗೆ ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ಅಡಿಕೆ ಸೀಸನ್ ಮುಗಿಯುವವರೆಗೆ ನಾನು ಇಲ್ಲಿಂದ ಅಲ್ಲಾಡುವಂತಿಲ್ಲ. ಫೋನಿನಲ್ಲಿ ನಿನ್ನ ಭುಜದ ಮಾತೆತ್ತಿದ ಕೂಡಲೇ ‘ತಡಿ, ಚಿಕ್ಕಮ್ಮ ಮಾತಾಡ್ತಾಳಂತೆ’ ಎಂದು ಫೋನು ದಾಟಿಸಿಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ, ಚಿಕ್ಕಮ್ಮನ ಕನ್ನಡಕ ಒಡೆದಿದೆಯಂತಲ್ಲ.

ನನ್ನ ಓದನ್ನು ನೀನು ಅಲ್ಲಿಯ ಬೀದಿಗೆಲ್ಲ ‘ಮೈಕೈನೋವಿನ ಪಿಎಚ್‌ಡಿ’ ಎಂದು ಸಾರಿದ್ದೀಯಂತೆ. ತಪ್ಪೇನಿಲ್ಲ. ಅಡಿಕೆ ಸುಲಿಯುವ ಹೆಂಗಸರ ಸೊಂಟ, ಭುಜ, ಮಂಡಿ ಏಕೆ ಹಾಳಾಗುತ್ತವೆ, ಕೆಲಸ ಮಾಡುತ್ತಲೇ ಅವನ್ನು ಸರಿಪಡಿಸಿಕೊಳ್ಳುವುದು ಹೇಗೆ ಎಂಬುದೇ ನನ್ನ ಸಂಶೋಧನೆ. ಅದಕ್ಕೆ ನಾನು ಆರಿಸಿಕೊಂಡದ್ದು ನೀನು ಮೂವತ್ತು ವರ್ಷ ಕೂತ ನಾಗೇಶಣ್ಣನ ಶೆಡ್ಡನ್ನೇ. ಮೊದಲ ದಿನ ಹದಿನಾಲ್ಕು ಜನರಿಗೂ ಮನುಷ್ಯನ ಮೈಯ ಚಿತ್ರವಿರುವ ಹಾಳೆ ಕೊಟ್ಟು, ನೋಯುವ ಜಾಗಕ್ಕೆ ಗುರುತು ಹಾಕಿ ಎಂದೆ. ಹದಿಮೂರು ಹಾಳೆ ಖಾಲಿ ಬಂದವು. ಹೊಸದಾಗಿ ಸೇರಿದ ಮೈತ್ರಿ ಮಾತ್ರ ತಲೆಗೆ ಗುರುತು ಹಾಕಿದ್ದಳು. ಅದು ನನ್ನ ಪ್ರಶ್ನೆಗಳಿಂದ ಬಂದ ನೋವಂತೆ. ಸಂಜೆ ಏಳುವಾಗ ಅವರೆಲ್ಲ ಗೋಡೆ ಹಿಡಿದುಕೊಂಡು ನರಳುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ.

ಆಮೇಲೆ ಬಡಗಿ ತಿಪ್ಪೇಶನ ಹತ್ತಿರ ಕುರ್ಚಿಯಷ್ಟು ಎತ್ತರದ ಆರು ಮಣೆ ಮಾಡಿಸಿದೆ. ಬೆನ್ನಿಗೆ ಹಲಗೆ ಇದೆ, ಕತ್ತಿ ಕೈಗೆ ಎಟಕುವಲ್ಲಿ ನಿಂತಿದೆ. ಕಾಲು ಇಳಿಬಿಟ್ಟು, ಭುಜ ಎತ್ತದೆ ಸುಲಿಯಬಹುದು. ಎಳೆಯ ಮೈಗೆ ಹೊಸದು ಬೇಗ ಒಗ್ಗುತ್ತದೆಂದು ಹುಡುಗಿಯರಿಗೇ ಮೊದಲು ಕೊಟ್ಟೆ. ಒಂದು ತಿಂಗಳು ಅವುಗಳ ಮೇಲೆ ಕೂತದ್ದು ಊಟದ ಡಬ್ಬಿಗಳು. ಅತ್ತ ನಮ್ಮ ಗೈಡ್ ಮೇಡಂ ವರದಿ ಎಲ್ಲಿ ಎಂದು ಕೇಳುತ್ತಿದ್ದರು. ನನಗೆ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು, ನಿನ್ನ ಮಗಳಲ್ಲವೆ. ಶೆಡ್ಡಿಗೆಲ್ಲ ಹಿರಿಯರೆಂದು ಗುಡ್ಡಮ್ಮತ್ತೆಯನ್ನೇ ಹಿಡಿದು ಕೇಳಿದೆ. ‘ನಾನು ನೆಲದ ಮೇಲೆ ಕೂತಿದ್ರೆ ಆ ಹುಡ್ಗೇರು ನನ್ನ ತಲೆ ಮಟ್ಟಕ್ಕೆ ಕಾಲು ಇಳಿಬಿಟ್ಕಂಡು ಕೂರ್ತಾರೇನೇ? ನೀನು ಈ ಶೆಡ್ಡಲ್ಲೇ ಬೆಳ್ದೋಳಲ್ವಾ?’ ಎಂದರು. ಹೌದಲ್ಲ ಅವ್ವಾ, ದೊಡ್ಡವರಿಗಿಂತ ಎತ್ತರದಲ್ಲಿ ಕೂತದ್ದಕ್ಕೆ ನಿನ್ನ ಕೈಯಿಂದ ಎಷ್ಟು ಸಲ ತಲೆಗೆ ಮೊಟಕಿಸಿಕೊಂಡಿದ್ದೇನೆ. ಪುಸ್ತಕ ಓದಿ ಓದಿ ಅದನ್ನೇ ಮರೆತಿದ್ದೆ.

ಮಣೆಯನ್ನು ಎತ್ತಿ ಅವರ ಮುಂದೆಯೇ ಇಟ್ಟೆ. ಅದಕ್ಕೂ ಒಪ್ಪಲಿಲ್ಲ. ‘ನಿಮ್ಮವ್ವ ನಾನು ಇಬ್ರೂ ಒಂದೇ ವರ್ಷದಲ್ಲಿ ಸುಲಿಯೋ ಕತ್ತಿಗೆ ಕೂತೋರು. ಅವ್ಳು ಕೂತ್ರೆ ನಾನೂ ಕೂರ್ತೀನಿ’ ಎಂದರು. ಆಮೇಲೆ ದನಿ ತಗ್ಗಿಸಿ, ‘ಭುಜ ನೋವು ಅಂದಿದ್ದಕ್ಕೆ ಹೋದ್ವರ್ಷ ಅವ್ಳನ್ನ ಕೆಲಸ ಬಿಡ್ಸಿ ಶಿಕಾರಿಪುರಕ್ಕೆ ಕಳಿಸ್ದೆ. ನೋವು ಅಂದ್ರೆ ನಮ್ಮನ್ನೂ ಬಿಡಿಸ್ತೀಯ ಅಂತ ಎಲ್ರೂ ಹೆದ್ರಿದಾರೆ ಕಣೇ’ ಎಂದರು. ಖಾಲಿ ಹಾಳೆಗಳ ಗುಟ್ಟು ಅದಾಗಿತ್ತು. ಯಾರನ್ನೂ ಬಿಡಿಸುವುದಿಲ್ಲ ಎಂದು ಎಲ್ಲರ ಎದುರು ಮಾತು ಕೊಟ್ಟೆ. ಆಗ ಗುಡ್ಡಮ್ಮತ್ತೆಯೇ ಹಾಳೆ ಕೇಳಿ ಇಸಿದುಕೊಂಡು ಮಂಡಿಗೆರಡು, ಸೊಂಟಕ್ಕೊಂದು ಗುರುತು ಹಾಕಿದರು. ಮರುದಿನ ಹನ್ನೊಂದು ಹಾಳೆ ತುಂಬಿ ಬಂದವು. ಈಗ ಚಹಾ ಕುಡಿದ ಮೇಲೆ ಎಲ್ಲರೂ ಎದ್ದು ಕೈಕಾಲು ಚಾಚುತ್ತಾರೆ, ಮೈತ್ರಿ ಎಣಿಸುತ್ತಾಳೆ. ಮೊದಮೊದಲು ನಗುತ್ತಿದ್ದ ನಾಗೇಶಣ್ಣನೂ ಕುತ್ತಿಗೆ ಹಿಡಿದಿದೆ ಎಂದು ಮೂಲೆಯಲ್ಲಿ ನಿಂತು ಸೇರಿಕೊಳ್ಳುತ್ತಾನೆ. ಮಣೆಗಳು ಮಾತ್ರ ಇನ್ನೂ ಖಾಲಿ, ಸೀಸನ್ ಮುಗಿಯಲು ಉಳಿದಿರುವುದು ಒಂದೂವರೆ ತಿಂಗಳು.

ಚಿಕ್ಕಮ್ಮ ಚಿಕ್ಕಪ್ಪನ ಕಾಲಿಗೆ ನನ್ನ ಪರವಾಗಿ ನೀನೇ ನಮಸ್ಕರಿಸು ಎನ್ನಲಾರೆ, ಅವರು ನಿನಗಿಂತ ಚಿಕ್ಕವರು. ಕೇಳಿದೆನೆಂದು ಹೇಳು ಸಾಕು.

ನಿನ್ನ ಮಗಳು,
ನಯನ

ಕಾಗದ ಮಡಿಸುವ ಮುಂಚೆ ಇನ್ನೊಂದು. ಮೊನ್ನೆ ಚಿಕ್ಕಮ್ಮ ಫೋನಿನಲ್ಲಿ ದೂರು ಹೇಳಿದಳು: ‘ನಿಮ್ಮವ್ವ ಎಲೆಗೆ ಹಚ್ಚೋ ಸುಣ್ಣನ ಅಡಿಗೆಮನೆ ಬಾಗಿಲ ಹಿಂದಿನ ಗೋಡೆಗೆಲ್ಲ ಬಳದಾಳೆ ನೋಡು. ಸೊಂಟದ ಮಟ್ಟದಿಂದ ಸುರುವಾಗಿ ಒಂದರ ಮ್ಯಾಲೊಂದು ಚುಕ್ಕಿ, ಈಗ ಕ್ಯಾಲೆಂಡರ್ ಮೊಳೆ ಹತ್ರ ಬಂದೈತಿ.’ ಭುಜ ಸಡಿಲವಾಗಲು ಬೆರಳುಗಳನ್ನು ಗೋಡೆಯ ಮೇಲೆ ದಿನಾ ಸ್ವಲ್ಪ ಸ್ವಲ್ಪ ಹತ್ತಿಸು ಎಂದು ಹೋದ ಸಲ ನಾನು ತೋರಿಸಿಕೊಟ್ಟಾಗ ಮುಖ ತಿರುಗಿಸಿದವಳು ನೀನು. ನಾನೇನೂ ಕೇಳುವುದಿಲ್ಲ. ಆದರೆ ಒಂದು ಹೇಳಬೇಕು. ನಿನ್ನನ್ನು ಆ ಶೆಡ್ಡಿನಿಂದ ಎಬ್ಬಿಸಿದ್ದು ನನ್ನ ತಪ್ಪು. ಬದಲಿಸಬೇಕಾದದ್ದು ನೀನು ಕೂರುವ ರೀತಿಯನ್ನು, ನಾನು ಕೆಲಸವನ್ನೇ ಕಿತ್ತುಕೊಂಡೆ. ಅಲ್ಲಿ ಸುಮ್ಮನೆ ಕೂತೇ ನಿನ್ನ ಭುಜ ಇನ್ನಷ್ಟು ಬಿಗಿದದ್ದು. ಚುಕ್ಕಿ ಮೊಳೆ ದಾಟಿದ ದಿನ ಬಸ್ಸು ಹತ್ತು, ದಿನಕ್ಕೆ ಒಂದು ಗಂಟೆ ಕೂತರೆ ಸಾಕು. ಶೆಡ್ಡಿನ ಬಾಗಿಲ ಪಕ್ಕದ ಮಣೆ ನಿನ್ನದು. ಅದರ ಮೇಲೆ ಡಬ್ಬಿ ಇಡಲು ಗುಡ್ಡಮ್ಮತ್ತೆ ಯಾರಿಗೂ ಬಿಡುತ್ತಿಲ್ಲ.